ಅಡಿ ಅಕ್ಕನದು, ಮುಚ್ಚಳ ತಂಗಿಯದು

ನಮ್ಮ ಮನೆಯಲ್ಲಿ ಮುಚ್ಚಳ ಮಾಡಲು ಬರುವವರು ಇರಲಿಲ್ಲ. ಆಯಿಗೆ, ಎಂದರೆ ನನ್ನ ಅಮ್ಮನಿಗೆ, ಪೆಟ್ಟಿಗೆಯ ಅಡಿ ಮಾತ್ರ ಬರುತ್ತಿತ್ತು. ಮುಚ್ಚಳಗಳು ಯಲ್ಲಾಪುರದಿಂದ ಬರಬೇಕಾಗಿತ್ತು.

ಸಂಕ್ರಾಂತಿ ಕಾಳಿನ ಪೆಟ್ಟಿಗೆಗಳ ಮಾತು ಇದು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಬರೆಯುತ್ತೇನೆ. ಎಳ್ಳನ್ನು ಹರಿವಾಣದಲ್ಲಿ ಹಾಕಿ, ಸಣ್ಣ ಕೆಂಡದ ಮೇಲಿಟ್ಟು, ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಡುತ್ತ ಬೆರಳ ತುದಿಯಿಂದ ಆಡಿಸುತ್ತ ಹೋದರೆ ಒಂದೊಂದು ಎಳ್ಳಿನ ಮೈಮೇಲೂ ಬಿಳಿ ಮುಳ್ಳು ಏಳುತ್ತದೆ. ಅದೇ ಸಂಕ್ರಾಂತಿ ಕಾಳು. ಹಬ್ಬದ ದಿನ ಅದನ್ನು ಮನೆಮನೆಗೆ ಒಯ್ದು ಕೊಡಬೇಕು. ಕೊಟ್ಟವರೂ ಇಸಿದುಕೊಂಡವರೂ ಅಂದಿನಿಂದ ಒಳ್ಳೆಯ ಮಾತಾಡಬೇಕು ಎನ್ನುವುದು ರೂಢಿ. ಬರಿಗೈಯಲ್ಲಿ ಹಿಡಿದು ಕೊಡಲಾಗುವುದಿಲ್ಲವಲ್ಲ, ಅದಕ್ಕೆ ಅಂಗೈಯಗಲದ ಕಾಗದದ ಪೆಟ್ಟಿಗೆಗಳು. ಹೊಸ ಕಾಗದವನ್ನು ಇದಕ್ಕೆಂದು ಯಾರೂ ತರುತ್ತಿರಲಿಲ್ಲ. ಹಳೆಯ ಲಗ್ನಪತ್ರಿಕೆ, ಬರೆದು ಮುಗಿದ ಪಟ್ಟಿಯ ರಟ್ಟು, ಒಡೆದ ಲಕೋಟೆ, ಇಂಥವನ್ನು ವರ್ಷವಿಡೀ ಹಾಸಿಗೆಯ ಕೆಳಗೆ ಒತ್ತಿಟ್ಟುಕೊಂಡು ಧನುರ್ಮಾಸದಲ್ಲಿ ಹೊರತೆಗೆಯುತ್ತಿದ್ದರು.

ಆಯಿ ಮತ್ತು ಅವಳ ತಂಗಿ, ಎಂದರೆ ನನ್ನ ಚಿಕ್ಕಿ, ಕಾನಸೂರಿನ ಒಬ್ಬ ಸಣ್ಣ ಅಂಗಡಿಕಾರರ ಮಕ್ಕಳು. ಅಂಗಡಿಯಲ್ಲಿ ಕಾಗದ ಬೇಕಾದಷ್ಟು. ಸಾಬೂನಿನ ಹೊದಿಕೆ, ಬೆಂಕಿಪೆಟ್ಟಿಗೆಗಳ ಕಟ್ಟಿನ ಮೇಲೆ ಸುತ್ತಿದ ನೀಲಿ ಕಾಗದ ಎಲ್ಲವೂ ಈ ಇಬ್ಬರ ಪಾಲಿಗೆ. ಪೆಟ್ಟಿಗೆ ಮಾಡುವ ರೀತಿ ಹೀಗೆ: ಚೌಕದ ಕಾಗದದ ನಡುವೆ ಎಡಗೈಯ ನಾಲ್ಕು ಬೆರಳನ್ನು ಒತ್ತಾಗಿ ಇಟ್ಟು, ಎರಡೂ ಬದಿಗೆ ಉಗುರಿನಿಂದ ಗೆರೆ ಎಳೆಯುವುದು. ಕಾಗದ ತಿರುಗಿಸಿ ಅಡ್ಡಲಾಗಿ ಇನ್ನೊಮ್ಮೆ ಹಾಗೆಯೇ. ಗೆರೆಗಳ ನಡುವೆ ಉಳಿದದ್ದು ತಳ, ಹೊರಗಿನದು ಗೋಡೆ. ಮೂಲೆಗೊಂದು ಕತ್ತರಿ ಹಾಕಿ, ಕಿವಿಗಳನ್ನು ಒಳಗೆ ಮಡಿಸಿ, ಮೈದಾ ಕಾಸಿದ ಅಂಟು ಹಚ್ಚಿದರೆ ಮುಗಿಯಿತು. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಇಲ್ಲ. ಬೆರಳೇ ಅಳತೆ.

ಆಯಿಯದು ಸಪೂರ ಬೆರಳು. ಚಿಕ್ಕಿಯದು ಚಿಕ್ಕಂದಿನಿಂದ ತುಂಬಿದ ಕೈ. ಆದ್ದರಿಂದ ಅಕ್ಕ ಮಾಡಿದ ಅಡಿಯ ಮೇಲೆ ತಂಗಿ ಮಾಡಿದ ಮುಚ್ಚಳ ತಾನಾಗಿ ಕೂರುತ್ತಿತ್ತು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ, ಎರಡು ಬೆರಳಲ್ಲಿ ಎತ್ತಿದರೆ ಸಣ್ಣಗೆ ಉಸಿರು ಬಿಟ್ಟಂತೆ ಬರುತ್ತಿತ್ತು. ಇಬ್ಬರಲ್ಲಿ ಯಾರೂ ಇನ್ನೊಬ್ಬರ ಕೆಲಸ ಕಲಿಯಲಿಲ್ಲ. ಕಲಿಯುವ ಅಗತ್ಯವೇ ಬೀಳಲಿಲ್ಲ. ಆಯಿ ಮುಚ್ಚಳ ಮಾಡಹೊರಟರೆ ಅದು ತನ್ನದೇ ಅಡಿಯ ಅಳತೆಗೆ ಬಂದು ಕೂರುತ್ತಿರಲಿಲ್ಲ. ತುಸು ಹಿಗ್ಗಿಸಿದರೆ ಜೋಲುತ್ತಿತ್ತು. ಚಿಕ್ಕಿಯ ಅಡಿಯದೂ ಇದೇ ಕಥೆ.

"ನಿನ್ನ ಬೆರಳು ಬಾಳೆಕಾಯಿ" ಎಂದು ಆಯಿ ಅಣಕಿಸುತ್ತಿದ್ದಳಂತೆ. "ನಿಂದು ಹಂಚಿಕಡ್ಡಿ, ಗುಡಿಸಲಡ್ಡಿಲ್ಲೆ" ಎಂದು ಚಿಕ್ಕಿ ಪೊರಕೆಯ ಕಡ್ಡಿ ತೋರಿಸಿ ಮರಳಿಸುತ್ತಿದ್ದಳಂತೆ.

ಅಂತೆ ಎಂದೇ ಬರೆಯಬೇಕು. ಕಾನಸೂರಿನ ಆ ದಿನಗಳಲ್ಲಿ ನಾನು ಹುಟ್ಟಿರಲಿಲ್ಲ. ಇತಿಹಾಸ ಓದಿ ಪದವಿ ಪಡೆದವಳು ನಾನು. ಒಂದೇ ಸಾಕ್ಷಿಯಿರುವ ಸಂಗತಿಯನ್ನು ಕೈಯಲ್ಲಿ ತಿರುಗಿಸಿ ನೋಡಬೇಕೆಂದು ಕಲಿತವಳು. ಆದರೂ ಈ ಮಾತುಗಳನ್ನು ಕಿವಿಯಾರೆ ಕೇಳಿದ್ದೇನೆ ಎಂದೇ ಅನಿಸುತ್ತದೆ. ಆಯಿ ಅಷ್ಟು ಸಲ ಹೇಳಿರಬೇಕು.

ಮದುವೆಯಾಗಿ ಆಯಿ ಶಿರಸಿಗೆ ಬಂದಳು, ಚಿಕ್ಕಿ ಯಲ್ಲಾಪುರಕ್ಕೆ ಹೋದಳು. ಮೊದಲ ಕೆಲವು ವರ್ಷ ಧನುರ್ಮಾಸದಲ್ಲಿ ಇಬ್ಬರೂ ತವರಿಗೆ ಹೋಗಿ ಕೂತು ಪೆಟ್ಟಿಗೆ ಮಾಡಿ ಹಂಚಿಕೊಂಡು ಬರುತ್ತಿದ್ದರು. ಆಮೇಲೆ ಮೂವತ್ತನೆಯ ಇಸವಿಯ ಸುಮಾರಿಗೆ ಗಂಡಂದಿರ ನಡುವೆ ಮಾತು ಮುರಿಯಿತು. ಅಪ್ಪಯ್ಯ ಶಾಲೆಯ ಮಾಸ್ತರಿಕೆ ಬಿಟ್ಟು ಖಾದಿ ಉಟ್ಟು ಚಳವಳಿಗೆ ಸೇರಿದ್ದ. ಮಕ್ಕಳಿಗೆ ಮನೆಪಾಠ ಹೇಳುತ್ತ, ಪೇಟೆಯ ಛಾಪಖಾನೆಯಲ್ಲಿ ಕರಡು ತಿದ್ದುತ್ತ ಸಂಸಾರ ನಡೆಸುತ್ತಿದ್ದ. ಚಿಕ್ಕಪ್ಪ ಯಲ್ಲಾಪುರದ ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಕಾನಸೂರಿನ ಒಂದು ಉಪನಯನದಲ್ಲಿ, ಊಟದ ಪಂಕ್ತಿಯಲ್ಲಿ, ಒಬ್ಬ ಇನ್ನೊಬ್ಬನನ್ನು ಸರಕಾರದ ಗುಲಾಮ ಎಂದ. ಇನ್ನೊಬ್ಬ, ಹೆಂಡತಿ ಮಕ್ಕಳನ್ನು ಉಪವಾಸ ಕೆಡವುವುದು ಯಾವ ದೇಶಸೇವೆ ಎಂದ. ಒಬ್ಬ ಎಲೆ ಬಿಟ್ಟು ಎದ್ದ. ಎದ್ದವನು ಯಾರು? ನಮ್ಮ ಮನೆಯಲ್ಲಿ ಚಿಕ್ಕಪ್ಪ ಎನ್ನುತ್ತಿದ್ದರು. ಮುಂದೆ ಚಿಕ್ಕಿಯ ಮಗಳನ್ನು ಕೇಳಿದಾಗ ಅವಳು, "ನಿನ್ನ ಅಪ್ಪಯ್ಯನೇ ಅಲ್ಲದನೇ" ಎಂದಳು. ಹುಳಿ ಬಡಿಸುವ ಹೊತ್ತು ಎನ್ನುವುದರಲ್ಲಿ ಮಾತ್ರ ಎರಡೂ ಮನೆಯವರಿಗೆ ಒಮ್ಮತ.

ಅಂದಿನಿಂದ ಹೋಗಿ ಬರುವುದು ನಿಂತಿತು. ಒಬ್ಬರು ತವರಿಗೆ ಬರುವ ಹಬ್ಬಕ್ಕೆ ಇನ್ನೊಬ್ಬರು ಬರುತ್ತಿರಲಿಲ್ಲ. ಕಾಗದ ಬರೆಯಬಹುದಿತ್ತಲ್ಲ ಎಂದು ಈಗಿನವರು ಕೇಳಿಯಾರು. ಆಯಿಗೆ ಬರೆಯಲು ಬರುತ್ತಿರಲಿಲ್ಲ. ಅಪ್ಪಯ್ಯನ ಕೈಯಲ್ಲಿ ಬರೆಸುವಂತಿರಲಿಲ್ಲ. ನಾನು ಬರೆದುಕೊಡುತ್ತೇನೆ ಎಂದಾಗ, "ಬರದ್ರೆ ಓದುವವು ಯಾರು? ನಿನ್ನ ಚಿಕ್ಕಪ್ಪ. ಅವಂಗೆ ಎಂತ ಹೇಳದು ಆನು?" ಎಂದಳು.

ಪೆಟ್ಟಿಗೆ ಮಾತ್ರ ನಿಲ್ಲಲಿಲ್ಲ. ಶಿರಸಿ ಯಲ್ಲಾಪುರ ನಡುವೆ ಓಡುವ ಸರ್ವೀಸ್ ಮೋಟಾರಿನ ಡ್ರೈವರ್ ಸಾಬರು ನಮ್ಮ ಓಣಿಯ ಕೊನೆಯಲ್ಲಿ ಇದ್ದರು. ಆಯಿ ಗೆರೆ ಎಳೆದು ಮೂಲೆ ಕತ್ತರಿಸಿದ ಅಡಿಗಳನ್ನು ಅಂಟಿಸದೆ ಚಪ್ಪಟೆಯಾಗಿ ಕಟ್ಟಿ ಕೊಟ್ಟರೆ ಅವರು ಯಲ್ಲಾಪುರಕ್ಕೆ ಮುಟ್ಟಿಸುತ್ತಿದ್ದರು. ಅಲ್ಲಿಂದ ಅಂಥದೇ ಕಟ್ಟು ಮುಚ್ಚಳಗಳು ಬರುತ್ತಿದ್ದವು. ಎರಡು ಮನೆಯಲ್ಲೂ ಅರ್ಧ ಅಕ್ಕನದು, ಅರ್ಧ ತಂಗಿಯದು. ಅಂಟಿಸುವ ಕೆಲಸ ನಮ್ಮಲ್ಲಿ ನನ್ನದು.

"ಅಮ್ಮಾ, ಇದರಾಗೆ ಬಾಂಬ್ ಗೀಂಬ್ ಇಲ್ಲಲ್ರೀ?" ಸಾಬರು ಪ್ರತಿ ವರ್ಷ ಕೇಳುತ್ತಿದ್ದರು. "ನಿಮ್ಮ ಯಜಮಾನ್ರು ಗಾಂಧಿ ಮಂದಿ, ಅವರು ಸರ್ಕಾರಿ ಮಂದಿ. ನಡುವೆ ನನ್ನ ಲೈಸೆನ್ಸ್ ಹೋಗತದೆ."

"ಕಾಗದ ಸಾಬ್ರೆ, ಬರೀ ಕಾಗದ."

"ಬರೀ ಕಾಗದ ಒಯ್ಯಾಕ ನನ್ನ ಗಾಡಿ ಚಾಲೂ ಆಗೂದಿಲ್ಲ. ಹಬ್ಬಕ್ಕ ನನ್ನ ಮಕ್ಕಳಿಗೂ ಕಾಳು ಬರಬೇಕು."

ಅವರ ಮನೆಗೆ ಹೋಗುವ ಪೆಟ್ಟಿಗೆಗಳು ಎಲ್ಲರ ಮನೆಗಿಂತ ಹೆಚ್ಚಿರುತ್ತಿದ್ದವು.

ಸಾಬರ ಮಾತು ಬರೀ ತಮಾಷೆಯಾಗಿರಲಿಲ್ಲ. ನಮ್ಮ ಅಡಿಗಳು ಛಾಪಖಾನೆಯಲ್ಲಿ ಕೆಟ್ಟ ಹಾಳೆಗಳಿಂದ ಆದವು. ಹೆಸರು ತಪ್ಪಾಗಿ ಅಚ್ಚಾದ ಲಗ್ನಪತ್ರಿಕೆ, ಒಂದೆರಡು ಸಲ ಚಳವಳಿಯ ಕರಪತ್ರ. ಚಿಕ್ಕಿಯ ಮುಚ್ಚಳಗಳು ಕಚೇರಿಯ ಕಂದು ಲಕೋಟೆಯವು. ಅಂಟು ಬಿಡಿಸಿ, ಒಳಮಗ್ಗಲು ಹೊರಗೆ ಮಾಡಿ ಮಡಿಸಿದರೆ ಹೊರಗಿನಿಂದ ಶುಭ್ರ. ಮುಚ್ಚಳ ತೆಗೆದು ಮಗುಚಿ ನೋಡಿದರೆ ಮಾತ್ರ ಸರಕಾರದ ಕಿರೀಟದ ಗುರುತು. ಅಪ್ಪಯ್ಯ ಆ ಮುಚ್ಚಳಗಳನ್ನು ಮುಟ್ಟುತ್ತಿರಲಿಲ್ಲ. ನೋಡಿಯೂ ನೋಡದವನಂತೆ ದಾಟಿ ಹೋಗುತ್ತಿದ್ದ. ಆದರೆ ಅದು ಮನೆಗೆ ಬರಕೂಡದು ಎಂದೂ ಹೇಳಲಿಲ್ಲ.

ಹೀಗೆ ಕೆಲವು ವರ್ಷ ನಡೆಯಿತು. ನಾನು ಇಂಗ್ಲಿಷ್ ಶಾಲೆಯ ಮೇಲಿನ ತರಗತಿಗೆ ಬಂದಿದ್ದ ಒಂದು ಧನುರ್ಮಾಸದಲ್ಲಿ ಕಟ್ಟು ತಡವಾಗಿ ಬಂತು. ಸಂಕ್ರಾಂತಿ ಹತ್ತಿರವಾಗಿತ್ತು. ಆಯಿಯ ಕಾಳಿಗೆ ಮುಳ್ಳು ಬಂದಾಗಿತ್ತು. ನಾನು ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮೊದಲ ಮುಚ್ಚಳ ಅಂಟಿಸಿ, ಒಣಗಿದ ಮೇಲೆ ಅಡಿಯ ಮೇಲಿಟ್ಟೆ. ಕೂರಲಿಲ್ಲ. ಒತ್ತಿದೆ. ಮೂಲೆ ಬಿಚ್ಚಿತು. ಎರಡನೆಯದೂ ಹಾಗೆಯೇ.

"ಆಯೀ, ಮುಚ್ಚಳ ಕೂರ್ತೇ ಇಲ್ಲೆ."

"ಕಿವಿ ಹೊರಗೆ ಮಡಚಿದ್ಯನ?"

"ಇಲ್ಲೆ. ನೀನೇ ನೋಡು."

ಆಯಿ ಕೈ ಒರೆಸಿಕೊಂಡು ಬಂದು ಕುಕ್ಕರಗಾಲಲ್ಲಿ ಕೂತಳು. ಅಂಟಿಸದ ಒಂದು ಮುಚ್ಚಳ ತೆಗೆದು ಗೆರೆಗಳ ನಡುವೆ ತನ್ನ ನಾಲ್ಕು ಬೆರಳು ಇಟ್ಟಳು. ಅವಳ ಬೆರಳೇ ಗೆರೆ ಮುಟ್ಟಿ ಆಚೆ ಚಾಚಿತು. ಇನ್ನೊಂದು ತೆಗೆದಳು. ಕಟ್ಟು ಪೂರಾ ನೋಡಿದಳು. ಒಂದೂ ಬೇರೆಯಾಗಿರಲಿಲ್ಲ.

"ಇದು ತಂಗಿ ಕೈದಲ್ಲ" ಎಂದಳು.

ನನಗೆ ಆಗ ವಾದ ಮಾಡುವ ವಯಸ್ಸು. "ಚಳಿಗೆ ಕಾಗದ ಕುಗ್ಗಿಕ್ಕು ಆಯಿ."

"ಕಾಗದ ಕುಗ್ಗಿದ್ರೆ ನಂದೂ ಕುಗ್ಗವು. ಇದು ಬೇರೆ ಯಾರೋ ಎಳದ ಗೆರೆ."

ಸಂಜೆ ಸಾಬರನ್ನು ಕೇಳಿದಾಗ ಅವರು, "ಬಾಗಿಲಾಗೆ ಹುಡುಗಿ ಬಂದು ಕೊಟ್ಲು ಅಮ್ಮಾ. ಅವರಮ್ಮ ಹೊರಗ ಬರಲಿಲ್ಲ" ಎಂದರು. ಹಿಂದಿನ ವರ್ಷಗಳಲ್ಲಿ ಚಿಕ್ಕಿಯೇ ಬಾಗಿಲಿಗೆ ಬಂದು, ಅಕ್ಕ ಹೇಗಿದ್ದಾಳೆ, ಕೂದಲು ನೆರೆಯಿತೇ ಎಂದೆಲ್ಲ ಕೇಳುತ್ತಿದ್ದಳು.

ಆಯಿ ಆ ರಾತ್ರಿ ಉಣ್ಣಲಿಲ್ಲ. ಅವಳ ಮನಸ್ಸಿನಲ್ಲಿ ಇದ್ದದ್ದೇನೆಂದು ನನಗೆ ಗೊತ್ತು, ಏಕೆಂದರೆ ಅವಳು ಅದನ್ನು ಹೇಳಿದಳು. ತಂಗಿಗೆ ಮೈ ಸರಿಯಿಲ್ಲದೆ ಇರಬಹುದು ಎಂದು ನಾನು ಅಂದಾಗ ಅವಳು ತಲೆ ಅಲ್ಲಾಡಿಸಿದಳು. "ಮೈ ಸರಿ ಇಲ್ಲದ್ರೆ ಹೇಳಿ ಕಳಿಸ್ತಿತ್ತು. ಗಂಡಸ್ರ ಸಿಟ್ಟು ಗಂಡಸ್ರದು ಹೇಳಿ ಇಷ್ಟು ವರ್ಷ ಇದ್ದಿದ್ಯ. ಈಗ ಅದಕ್ಕೂ ಬ್ಯಾಡ ಅನಿಸ್ತು ಕಾಣ್ತು. 'ನೀನೇ ಎಂತಾರೂ ಮಾಡಿ ಕಳ್ಸು' ಹೇಳಿ ಮಗಳಿಗೆ ಹೇಳಿ ಕೂತ್ಗಂಡಿಕ್ಕು." ನಮ್ಮ ಮಾತಿನಲ್ಲಿ ಹೆಂಗಸರನ್ನೂ ಅದು ಎಂದೇ ಕರೆಯುವುದು. ಪ್ರೀತಿಯಿಂದಲೂ ಹಾಗೆಯೇ, ನೋವಿನಿಂದಲೂ ಹಾಗೆಯೇ.

ಮುಚ್ಚಳಗಳನ್ನು ಮತ್ತೆ ಕಟ್ಟು ಕಟ್ಟುತ್ತ, "ಆನು ನಾಳೆ ಯಲ್ಲಾಪುರಕ್ಕೆ ಹೋಗ್ತೆ" ಎಂದಳು. ಅಪ್ಪಯ್ಯ ಒಳಗಿನ ಕೋಣೆಯಲ್ಲಿ ಕರಡು ತಿದ್ದುತ್ತಿದ್ದ. ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿದ್ದು. ಬೆಳಗ್ಗೆ ನಾವು ಏಳುವಷ್ಟರಲ್ಲಿ ಅಪ್ಪಯ್ಯ ಎಲ್ಲಿಗೋ ಹೋಗಿ ಬಂದಿದ್ದ. ಬಾಗಿಲಲ್ಲಿ ಮೆಟ್ಟು ಕಳಚುತ್ತ, "ಸಾಬರಿಗೆ ಹೇಳಿದ್ದೆ. ಮುಂದಿನ ಸೀಟು ಹಿಡಿದಿಡ್ತ್ರು. ಹಿಂದೆ ಕೂತ್ರೆ ನಿಂಗೆ ತಲೆ ತಿರುಗ್ತು" ಎಂದ.

ಆ ದಿನದ ಬಗ್ಗೆ ನನ್ನ ಬಳಿ ಒಂದು ಲಿಖಿತ ಸಾಕ್ಷಿ ಇದೆ. ದಿನಚರಿ ಬರೆಯುವ ಹವ್ಯಾಸ ನನಗೆ ಆಗಲೇ ಹತ್ತಿತ್ತು. ಅದರಲ್ಲಿ ಇರುವುದು ಮೋಟಾರಿನ ಪೆಟ್ರೋಲ್ ವಾಸನೆ, ಮಂಚಿಕೇರಿಯಲ್ಲಿ ಕುಡಿದ ಮಜ್ಜಿಗೆ, ಚಿಕ್ಕಿಯ ಮಗಳ ಕೆಂಪು ರಿಬ್ಬನ್ನು. ಮುಂದೆ ನಾನು ಬರೆಯಲಿರುವುದರ ಒಂದು ಸಾಲೂ ಅಲ್ಲಿಲ್ಲ. ಬರೆಯಲು ಯೋಗ್ಯವಾದದ್ದು ಯಾವುದೆಂದು ದಿನಚರಿ ಬರೆದ ಆ ಹುಡುಗಿಗೆ ಗೊತ್ತಾಗಲಿಲ್ಲವೇ, ಅಥವಾ ನಾನು ನೋಡಿದೆನೆಂದುಕೊಂಡಿರುವುದು ಆಯಿ ಆಮೇಲೆ ಹೇಳಿದ್ದೇ? ಎರಡೂ ಸಾಧ್ಯ. ದಾರಿಯುದ್ದಕ್ಕೂ ಆಯಿ ಮಡಿಲಲ್ಲಿ ಆ ಮುಚ್ಚಳಗಳ ಕಟ್ಟನ್ನು ಇಟ್ಟುಕೊಂಡಿದ್ದಳು ಎಂಬುದರಲ್ಲಿ ಮಾತ್ರ ಸಂಶಯವಿಲ್ಲ. ಉಮ್ಮಚಗಿ ದಾಟುವಾಗ ಗಾಳಿಗೆ ಒಂದು ಹಾರಿತು. ಸಾಬರು ಗಾಡಿ ನಿಲ್ಲಿಸಿ ಹೋಗಿ ಹೆಕ್ಕಿ ತಂದರು. ಹಿಂದೆ ಕೂತವರು ಗೊಣಗಿದರು.

ಚಿಕ್ಕಿಯ ಮನೆ ಕಚೇರಿಯ ಹಿಂದಿನ ಸಾಲಿನಲ್ಲಿತ್ತು. ಬಾಗಿಲು ತೆಗೆದ ಚಿಕ್ಕಿಯ ಮಗಳು ನಮ್ಮನ್ನು ನೋಡಿ ಬೆಚ್ಚಿದಳು. "ಆಯಿ ಹಿತ್ಲಲ್ಲಿ ಬಿಸ್ಲಿಗೆ ಕೂತಿದ್ದು" ಎಂದಳು.

ಹಿತ್ತಲಲ್ಲಿ, ಕಲ್ಲಿನ ಮೇಲೆ, ಕಂಬಳಿ ಹೊದ್ದು ಯಾರೋ ಕೂತಿದ್ದರು. ನಾನು ಗುರುತಿಸಲಿಲ್ಲ. ಮಳೆಗಾಲದಲ್ಲಿ ಹಿಡಿದ ಚಳಿಜ್ವರ ಬಿಟ್ಟು ಬಿಟ್ಟು ಬರುತ್ತಿತ್ತೆಂದು ಆಮೇಲೆ ತಿಳಿಯಿತು. ಯಲ್ಲಾಪುರದ ಕಡೆ ಆ ಕಾಲದಲ್ಲಿ ಅದು ಮನೆಮನೆಯ ಜ್ವರ. ಆಯಿಯೂ ಒಂದು ಕ್ಷಣ ನಿಂತಳು. ಕೂತವಳೇ ಮೊದಲು ಮಾತಾಡಿದಳು, ಧ್ವನಿ ಮಾತ್ರ ಹಳೆಯದು.

"ಎಂತದೇ ಅಕ್ಕಾ, ಮುಚ್ಚಳ ಸಮ ಆಜಿಲ್ಲೆ ಹೇಳಿ ಜಗಳಕ್ಕೆ ಬಂದ್ಯಾ?"

ಆಯಿ ಹತ್ತಿರ ಹೋಗಿ ಕೂತು, ಮಡಿಲ ಕಟ್ಟು ಮುಂದಿಟ್ಟು, ಕೊನೆಗೆ ಕೇಳಿದ್ದು ಅದನ್ನೇ. "ಇದ ಯಾರು ಮಾಡಿದ್ದು?"

"ಆನೇ. ಮತ್ಯಾರು?"

"ಸುಳ್ಳು ಹೇಳಡ. ಮಗಳ ಹತ್ರ ಮಾಡ್ಸಿದ್ದೆ ನೀನು."

"ಅದರ ಕೈಲಿ ಕತ್ತರಿ ಕೊಟ್ರೆ ಕಾಗದ ಎಲ್ಲ ಚಿಂದಿ. ಆನೇ ಮಾಡಿದ್ದು. ಹಾಸಿಗೆಲಿ ಕೂತು, ದಿನಕ್ಕೊಂದೆರಡು. ಅದಕ್ಕೇ ತಡ ಆಗಿದ್ದು."

ಆಯಿ ಒಂದು ಮುಚ್ಚಳ ಬಿಡಿಸಿ ಅವಳ ಮುಂದೆ ಹಿಡಿದಳು. ಚಿಕ್ಕಿ ಕಂಬಳಿಯೊಳಗಿನಿಂದ ಎಡಗೈ ತೆಗೆದು, ನಾಲ್ಕು ಬೆರಳು ಜೋಡಿಸಿ, ಗೆರೆಗಳ ನಡುವೆ ಇಟ್ಟಳು. ಸರಿಯಾಗಿ ಕೂತಿತು. ಒಂದು ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

ಬೇರೆ ಯಾರೋ ಎಳೆದ ಗೆರೆಯಲ್ಲ. ಅದೇ ಕೈ, ಅದೇ ಅಳತೆ. ಕೈಯೇ ಸಣ್ಣದಾಗಿತ್ತು.

ಆಯಿ ತನ್ನ ಬೆರಳುಗಳನ್ನು ಅವಳ ಬೆರಳಿನ ಮೇಲಿಟ್ಟಳು. ಅಡಿಯಲ್ಲಿದ್ದ ಕೈ ಪೂರಾ ಮುಚ್ಚಿಹೋಯಿತು. ಹಾಗೆ ಎಷ್ಟು ಹೊತ್ತು ಕೂತಿದ್ದರೋ. ನನ್ನ ನೆನಪಿನಲ್ಲಿ ಅದು ಬಹಳ ಹೊತ್ತು. ನೆನಪು ಇಂಥ ಕಡೆ ಹೊತ್ತನ್ನು ಹಿಗ್ಗಿಸುತ್ತದೆ ಎಂದು ಬಲ್ಲೆ. ಆಯಿ ಅಳುತ್ತಿದ್ದಳು. ಅದು ತಂಗಿ ಬಡವಾದಳೆಂದೋ, ತಂಗಿ ತನ್ನನ್ನು ಬಿಟ್ಟಿಲ್ಲವೆಂದೋ, ಬಿಡಿಸಿ ಹೇಳುವುದು ನನ್ನಿಂದಾಗದು. ಅವಳಿಂದಲೂ ಆಗುತ್ತಿರಲಿಲ್ಲವೇನೋ.

"ಹೇಳಿ ಕಳಿಸುಲೆ ಆಗ್ತಿತ್ತಿಲ್ಯನೇ?" ಎಂದಳು.

"ಹೇಳಿ ಕಳ್ಸಿದ್ರೆ ನಿನ್ನ ಮನೆಯವು ನಿನ್ನ ಬಿಡಕು, ನಮ್ಮನೆಯವು ಬಾ ಹೇಳಕು. ಎರಡೂ ಆಗದಿದ್ರೆ ನಿಂಗೆ ಸಂಕಟ. ಕೆಲ್ಸ ಮಾಡಿ ಕಳ್ಸಿದ್ರೆ ಚೊಲೋ ಇದ್ದೆ ಹೇಳಿ ತಿಳ್ಕತ್ತೆ ಅಂದ್ಕಂಡಿ." ಚಿಕ್ಕಿ ನಕ್ಕಳು. "ನಿನ್ನ ಹಂಚಿಕಡ್ಡಿ ಈಗ ನಂಗಿಂತ ದಪ್ಪ ನೋಡು. ಇನ್ನು ಅಡಿ ಆನು ಮಾಡ್ತೆ. ಮುಚ್ಚಳ ನೀನು ಮಾಡು."

"ನಂಗೆ ಮುಚ್ಚಳ ಬತ್ತಿಲ್ಲೆ."

"ಬರದಿದ್ರೆ ಕಲಿ. ಮುದುಕಿ ಆದ್ರೆ ಕಲಿಯಲಾಗ್ತಿಲ್ಲೆ ಹೇಳಿ ಎಲ್ಲಿದ್ದು?"

ಹೀಗೆ ಅವರು ಆ ಮಧ್ಯಾಹ್ನ ಬಿಸಿಲಲ್ಲಿ ಕೂತು ಪೆಟ್ಟಿಗೆ ಮಾಡಿದರು. ಕೂರದ ಮುಚ್ಚಳಗಳು ಹಾಳಾಗಲಿಲ್ಲ. ಗೋಡೆ ಮೇಲಕ್ಕೆ ಮಾಡಿ ಅವನ್ನೇ ಅಡಿಗಳೆಂದು ಇಟ್ಟುಕೊಂಡರು. ಅವಕ್ಕೆ ಆಯಿ ಹೊಸ ಮುಚ್ಚಳ ಮಡಿಸಿದಳು. ಮೊದಲನೆಯದನ್ನು ಇಟ್ಟು ನೋಡುವಾಗ ಇಬ್ಬರೂ ಉಸಿರು ಹಿಡಿದದ್ದು ನನಗೆ ಕಾಣುತ್ತದೆ. ಕೂತಿತು. ಎತ್ತಿದಾಗ ಹಳೆಯ ಸಣ್ಣ ಸದ್ದು. "ಕಾನಸೂರಲ್ಲೇ ಹೀಂಗೆ ಅದಲು ಬದಲು ಮಾಡಿದ್ರೆ ಆಗ್ತಿತ್ತು" ಎಂದು ಚಿಕ್ಕಿ ಅಂದಳು. "ಆವಾಗ ನಿನ್ನ ಬಾಳೆಕಾಯಿ ಬಿಡಕಲಾ" ಎಂದಳು ಆಯಿ. ಚಿಕ್ಕಿಗೆ ನಗು ಬಂದು ಕೆಮ್ಮು ಬಂತು.

ಚಿಕ್ಕಪ್ಪ ಕಚೇರಿಯಿಂದ ಊಟಕ್ಕೆ ಬಂದವನು ಹಿತ್ತಲ ಬಾಗಿಲಲ್ಲಿ ನಿಂತ. ಆಯಿ ಸೆರಗು ಸರಿಮಾಡಿಕೊಂಡು ಎದ್ದಳು. ಅವನು ಹಿಂತಿರುಗಿ ಒಳಗೆ ಹೋದ. ಸಿಟ್ಟಾದನೆಂದೇ ನಾನು ತಿಳಿದೆ. ಹೊರಬಂದಾಗ ಕೈಯಲ್ಲಿ ಒಡೆದ ಲಕೋಟೆಗಳ ಒಂದು ಕಟ್ಟಿತ್ತು. ಅದನ್ನು ಚಾಪೆಯ ಅಂಚಿಗೆ ಇಟ್ಟು, ನನ್ನನ್ನು ನೋಡಿ, "ಊಟ ಆತನೇ ಕೂಸೆ?" ಎಂದ. ಆಯಿಯನ್ನಲ್ಲ, ನನ್ನನ್ನು. ಅವನ ಬಾಯಿಂದ ನಮ್ಮ ಮನೆಯವರಿಗೆ ಅಷ್ಟು ವರ್ಷಗಳಲ್ಲಿ ಬಂದ ಮೊದಲ ಮಾತು ಅದು. ಶಿರಸಿಗೆ ಮರಳಿ ಅಪ್ಪಯ್ಯನಿಗೆ ಅದನ್ನು ಹೇಳಿದಾಗ ಅವನು ನಾವು ತಂದ ಲಕೋಟೆಯ ಕಟ್ಟಿನತ್ತ ನೋಡಿ, "ಲಕೋಟೆ ಗಟ್ಟಿ ಇದ್ದು" ಎಂದ. ಆ ಸಂಕ್ರಾಂತಿಯಂದು ಅವನೇ ಒಂದು ಮುಚ್ಚಳ ತೆಗೆದು ಕಾಳು ಬಾಯಿಗೆ ಹಾಕಿಕೊಂಡ.

ಸಾಬರ ಮೋಟಾರು ಸಂಜೆಗೆ ಮರಳುವುದಿತ್ತು. ಹೊರಡುವಾಗ ಚಿಕ್ಕಿ ಬಾಗಿಲ ತನಕ ಗೋಡೆ ಹಿಡಿದು ಬಂದಳು. "ಮುಂದಿನ ವರ್ಷ ಆನು ಬತ್ತೆ. ಅಡಿ ಮಾಡಿಟ್ಗಂಡೇ ಬತ್ತೆ" ಎಂದಳು.

ಮುಂದಿನ ಮಳೆಗಾಲವನ್ನು ಅವಳು ದಾಟಲಿಲ್ಲ.

ಆ ಧನುರ್ಮಾಸದಲ್ಲಿ ಆಯಿ ಏನೂ ಮಾಡುವುದಿಲ್ಲವೆಂದು ನಾನು ಎಣಿಸಿದ್ದೆ. ಸಾವಾದ ವರ್ಷ ಹಬ್ಬ ಇಲ್ಲ ಎಂದು ಮನೆಗೆ ಬಂದ ಹೆಂಗಸರೂ ಹೇಳಿದರು. ಆಯಿ ಕಾಳು ಮಾಡಲಿಲ್ಲ. ಆದರೆ ಒಂದು ಬೆಳಗ್ಗೆ ಹಾಸಿಗೆಯ ಕೆಳಗಿನ ಕಾಗದಗಳನ್ನು ತೆಗೆದು ಹರಡಿಕೊಂಡು ಕೂತಳು. ಚಿಕ್ಕಪ್ಪ ಕೊಟ್ಟಿದ್ದ, ಈಗ ಸಪಾಟಾಗಿದ್ದ ಲಕೋಟೆಗಳನ್ನು ಒಂದೊಂದಾಗಿ ಒಳಮಗ್ಗಲು ಹೊರಗೆ ಮಾಡಿ ಗೆರೆ ಎಳೆಯತೊಡಗಿದಳು. ನಾನು ಅಂಟು ಕಾಸಿ ತಂದೆ. ಮಧ್ಯಾಹ್ನದ ಹೊತ್ತಿಗೆ ಚಾಪೆಯ ತುಂಬ ಮುಚ್ಚಳಗಳು. ಮುಚ್ಚಳಗಳು ಮಾತ್ರ.

"ಅಡಿ ಯಾವಾಗ ಮಾಡ್ತೆ ಆಯಿ?" ಎಂದೆ. ಅಡಿ ಅವಳಿಗೆ ಎಂದಿನಿಂದಲೂ ಬರುತ್ತಿತ್ತಲ್ಲ.

"ಅಡಿ ತಂಗಿದು" ಎಂದಳು, ಕತ್ತರಿಯಿಂದ ಕಣ್ಣು ತೆಗೆಯದೆ.

ಅದರ ಮರುವರ್ಷ ಕಾಳು ಮಾಡಿದಳು. ಆಗಲೂ ಮುಚ್ಚಳಗಳನ್ನಷ್ಟೇ ಮಡಿಸಿದಳು. ಅವನ್ನು ಮಗುಚಿ, ಗೋಡೆ ಮೇಲಕ್ಕೆ ಮಾಡಿ, ಕಾಳು ತುಂಬಿ, ಮೇಲೆ ಒಂದು ತುಂಡು ಬಣ್ಣದ ಕಾಗದ ಅಂಟಿಸಿ ಮನೆಮನೆಗೆ ಕಳಿಸಿದಳು. ಮಗುಚಿದ ಮುಚ್ಚಳವೂ ಅಡಿಯಂತೆಯೇ ಕಾಣುತ್ತದೆ. ಓಣಿಯಲ್ಲಿ ಯಾರಿಗೂ ಭೇದ ತಿಳಿಯಲಿಲ್ಲ. ಸಾಬರ ಮನೆಗೆ ಒಯ್ದು ಕೊಟ್ಟಾಗ ಅವರು ಮಾತ್ರ ಪೆಟ್ಟಿಗೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಇದಕ್ಕ ಮುಚ್ಚಳ ಎಲ್ಲಿ?" ಎಂದರು.

ಇದೇ ಮುಚ್ಚಳ ಎಂದು ನಾನು ಹೇಳಲಿಲ್ಲ. ಹಬ್ಬದ ದಿನ ಒಳ್ಳೆಯ ಮಾತಾಡಬೇಕು. "ಯಲ್ಲಾಪುರದಿಂದ ಬರಬೇಕು" ಎಂದೆ. ಚಿಕ್ಕಿ ಇಲ್ಲವೆಂಬುದು ಅವರಿಗೂ ಗೊತ್ತಿತ್ತು. ತಲೆಯಾಡಿಸಿ, ಮಕ್ಕಳನ್ನು ಕರೆದರು.